ನಡುರಸ್ತೆಯ ಅಭ್ಯಾಸ

ನನಗೆ ಕಾರು ಓಡಿಸಲು ಕಲಿಸಿದವರು ನಮ್ಮ ಸೋದರಮಾವ. ಹಳ್ಳಿಗಳಿಂದ ಆದೋನಿಯ ಹತ್ತಿ ಮಿಲ್ಲುಗಳಿಗೆ ಮೂವತ್ತು ವರ್ಷ ಲಾರಿ ಹೊಡೆದವರು. ನನಗಾಗ ನಲವತ್ತು ದಾಟಿತ್ತು. ದೇವನಕೊಂಡದ ಕಡೆಯ ರಸ್ತೆಯಲ್ಲಿ ನನ್ನನ್ನು ಕೂರಿಸಿ, "ನಡುವ ಹೋಗವ್ವ. ಅಂಚಿಗೆ ಹೋದ್ರ ಎರಿ ಮಣ್ಣು ಗಾಲಿ ನುಂಗತೈತಿ" ಅಂದರು. ಅದು ನಿಜವೂ ಆಗಿತ್ತು. ಅಲ್ಲಿ ಡಾಂಬರು ಇದ್ದದ್ದೇ ಒಂದು ಗಾಡಿಯಷ್ಟು ಅಗಲ.

ಕಳೆದ ವರ್ಷ ಮಾವನ ಕಣ್ಣು ತೋರಿಸಲು ಹೈದರಾಬಾದಿಗೆ ಹೊರಟೆವು; ಕಾರು ನಾನೇ ಓಡಿಸುತ್ತಿದ್ದೆ. ಹೆದ್ದಾರಿಯಲ್ಲಿ ಒಂದು ಲಾರಿ ಬಹಳ ಹೊತ್ತು ಹಿಂದೆಯೇ ಹಾರನ್ ಹೊಡೆಯುತ್ತಾ ಬಂತು. ನಾವು ಚಹಾಕ್ಕೆ ನಿಲ್ಲಿಸಿದಾಗ ಅದರ ಡ್ರೈವರ್ ಇಳಿದು ನಮ್ಮ ಹತ್ತಿರವೇ ಬಂದ. ಬೈಗುಳ ಕೇಳಲು ಸಿದ್ಧಳಾದೆ.

"ಅಕ್ಕಾ, ನಮ್ಮ ಆದೋನಿ ಕಡೆಯವ್ರೇನ್ರಿ?" ಎಂದು ಕೇಳಿದ.

"ಹೌದಪ್ಪ, ಹೆಂಗ ಗೊತ್ತಾತು?"

"ನಡುವಿನ ಬಿಳಿ ಗೆರಿ ಮ್ಯಾಲ ಹೊಂಟಿದ್ರಲ್ಲ! ಮೊದ್ಲು ನಾನೂ ಹಂಗ ಓಡಸ್ತಿದ್ದೆ."

ನಾನು ನಾಚಿ ನಕ್ಕೆ. ಮಾವ ಮಾತ್ರ ಚಹಾದ ಲೋಟ ಕೆಳಗಿಟ್ಟು, "ತಪ್ಪು ಆಕೀದಲ್ಲಪ್ಪ. ನಮ್ಮ ರಸ್ತಿ ನನಗ ಕಲಿಸಿದ್ದನ್ನ ನಾನು ಆಕಿಗೆ ಕಲಿಸೀನಿ" ಅಂದರು. ಜೀವನದಲ್ಲಿ ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದೇ ಅಪರೂಪ.

"ನನ್ನ ಹಿಂದ ಬರ್ರಿ ಅಕ್ಕಾ, ಎಡಕ್ಕ ಹಿಡೀರಿ," ಎಂದು ಡ್ರೈವರ್ ಲಾರಿ ಹತ್ತಿದ. ಅವನ ಹಿಂದೆಯೇ ಹೊರಟೆ. ಗೆರೆ ನನ್ನ ಬಲಕ್ಕೇ ಉಳಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾವ ಸೀಟು ಹಿಂದಕ್ಕೆ ಸರಿಸಿಕೊಂಡು ಗೊರಕೆ ಹೊಡೆಯತೊಡಗಿದರು. ನಾನು ಓಡಿಸುವಾಗ ಅವರು ನಿದ್ದೆ ಮಾಡಿದ್ದು ಅದೇ ಮೊದಲು.