ನಡೆಯುವ ಕಡ್ಡಿಕಟ್ಟು

ಇವತ್ತು ಬೆಳಿಗ್ಗೆ ನಮ್ಮ ಗೇಟಿನ ಮೇಲೆ ಕಡ್ಡಿಗಳ ಪುಟ್ಟ ಕಟ್ಟೊಂದು ತಾನಾಗಿಯೇ ನಡೆದುಹೋಗುತ್ತಿತ್ತು. ನೋಡಿದ ಕೂಡಲೇ ನಾನು ಹಿಪ್ಪರಗಿಯ ಹೊಳೆದಂಡೆಯಲ್ಲಿದ್ದೆ.

ಚಿಕ್ಕಂದಿನಲ್ಲಿ ಒಮ್ಮೆ ಶಾಲೆಯಿಂದ ಹೋಗಿ ಅಲ್ಲಿ ಡೇರೆ ಹಾಕಿದ್ದೆವು. ಮುಂಜಾನೆ ಚಹಾಕ್ಕೆಂದು ಜಾಲಿಯ ಒಣ ಕಡ್ಡಿಗಳನ್ನು ಆರಿಸಿ ತಂದು ಒಲೆಯ ಮುಂದೆ ಸುರಿದಾಗ, ಬೆರಳುದ್ದದ ಒಂದು ಕಟ್ಟು ರಾಶಿಯಿಂದ ಇಳಿದು ಹೊರಟಿತು. ಮುಟ್ಟಿದರೆ ನಿಂತಿತು.

"ಎಂಥಾದೋ ವಿಷದ ಹುಳ, ಒಲಿಗೆ ಹಾಕ್ರಿ" ಎಂದರು ನಮ್ಮ ಟೀಚರು. ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು.

ಬನಹಟ್ಟಿಯ ನೇಕಾರರ ಮನೆಯ ಗೆಳತಿ ಕಸ್ತೂರಿ ತಟ್ಟನೆ ಅದನ್ನು ಅಂಗೈಗೆ ಎತ್ತಿಕೊಂಡಳು. ಸೀರೆಯ ನೇಯ್ಗೆ ನೋಡುವವರಂತೆ ಉಗುರಿನಿಂದ ಮೆಲ್ಲಗೆ ಕೆರೆದಳು. "ತಡೀರಿ ಅಕ್ಕೋರೆ! ಕಡ್ಡಿ ಒಳಗ ರೇಷ್ಮಿ ಐತ್ರಿ. ಇದು ನಮ್ಮ ಮಂದಿ!"

"ಹಂಗಾರ ಮಗ್ಗ ಎಲ್ಲಿಟ್ಟೈತಿ, ಕೇಳು ನೋಡೂನು" ಎಂದು ಅಕ್ಕೋರು ನಕ್ಕರು.

ಒಲೆ ಹತ್ತಿಕೊಂಡಿತ್ತು. ನಾವು ಅವಳ ಅಂಗೈ ಸುತ್ತ ಮುತ್ತಿಕೊಂಡು ಕಾದೆವು. ಕಟ್ಟಿನ ತುದಿಯಿಂದ ಕಂದು ಬಣ್ಣದ ತಲೆಯೊಂದು ಹೊರಬಂದು, ಕಸ್ತೂರಿಯ ಬೆರಳಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿತು.

"ಬಾಯಾಗ ಐತ್ರೀ!" ಕಸ್ತೂರಿ ಕಿರುಚಿದಳು. "ಮಗ್ಗ ಬಾಯಾಗ ಐತಿ!"

ಅಕ್ಕೋರು ಚಹಾ ಮರೆತು ಬಗ್ಗಿ ನೋಡಿದರು. ಆಮೇಲೆ ತಾವೇ ಅದನ್ನು ಜಾಲಿಗಿಡಕ್ಕೆ ಬಿಟ್ಟು ಬಂದರು.

ಇವತ್ತು ಗೇಟಿನ ಬಳಿ ನನ್ನ ಮಗಳು "ಇದ್ಯಾವ ಹುಳ?" ಎಂದಳು. ಪುಸ್ತಕದಲ್ಲಿರುವ ಹೆಸರು ನನಗೀಗ ಗೊತ್ತು. ಬಾಯಿಗೆ ಬಂದದ್ದು ಮಾತ್ರ, "ಬನಹಟ್ಟಿಯವರು."