ತಂತಿಯ ಹೆಂಗಸು

ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಬಸ್ಸು ಇದ್ದಲಿನ ಹೊಗೆಯಿಂದ ಓಡುತ್ತದೆ. ಅಂದು ಅದು ಆಳಂದದಲ್ಲಿ ನಿಂತಿತು. ಅದರ ಒಲೆಗೆ ಇದ್ದಲು ತುಂಬಿ ಉರಿ ಹಿಡಿಯುವವರೆಗೆ ಸೊಲ್ಲಾಪುರದ ಮಾತೆತ್ತುವಂತಿಲ್ಲ. ಗೊಣಗುತ್ತ ಎದುರಿನ ಚಹಾದಂಗಡಿಗೆ ಹೋದೆ.

ಚಪ್ಪರದಿಂದ ಇಳಿಬಿಟ್ಟ ದಾರದಲ್ಲಿ ಗೇಣುದ್ದದ ತಂತಿಯ ಗೊಂಬೆಯೊಂದು ಮೆಲ್ಲಗೆ ತಿರುಗುತ್ತಿತ್ತು. ಎಲ್ಲೂ ಕತ್ತರಿಸದ ಒಂದೇ ತಂತಿ ಪಾದದಿಂದ ಹೊರಟು, ಸೀರೆಯ ಅಂಚಾಗಿ, ಸೊಂಟವಾಗಿ, ತಲೆಯ ಮೇಲಿನ ಕೊಡವಾಗಿ, ಮತ್ತೆ ಪಾದಕ್ಕೇ ಇಳಿದಿತ್ತು. ಹಲಗೆಯ ಮೇಲೆ ಬಳಪದಿಂದ ಬರೆದ ಚಿತ್ರ ಹಲಗೆ ಬಿಟ್ಟು ಗಾಳಿಗೆ ಬಂದಂತಿತ್ತು. ಒಳಗೆಲ್ಲ ಬರೀ ಬಯಲು. ಅದರಾಚೆ ನಮ್ಮ ಬಸ್ಸು ಕಾಣುತ್ತಿತ್ತು.

"ಹತ್ತಿ ಅಂಡಿಗಿ ಕಟ್ಟೋ ತಂತಿರಿ," ಎಂದ ಅಂಗಡಿಯ ಚಾಂದಸಾಬ. "ನಮ್ಮಾಕಿನ್ನ ಮಾಡೇನಿ. ಸೊಲ್ಲಾಪುರದ ಗಿರಣಿಗೆ ದುಡಿಯಾಕ ಹೋಗಿ ಮೂರು ವರ್ಷಾತ್ರಿ."

ಗೊಂಬೆಗೆ ಕಣ್ಣು ಮೂಗು ಇರಲಿಲ್ಲ. ಎಷ್ಟು ನೋಡಿದರೂ ಮುಂಭಾಗ ಯಾವುದು, ಬೆನ್ನು ಯಾವುದು ತಿಳಿಯಲಿಲ್ಲ.

"ಈಕೆ ಬರುತ್ತಿದ್ದಾಳೋ, ಹೋಗುತ್ತಿದ್ದಾಳೋ?" ಎಂದು ಕೇಳಿದೆ.

ಅವನು ಕಪ್ಪು ತೊಳೆಯುವುದನ್ನು ನಿಲ್ಲಿಸಿದ. "ಮಾಡುಮುಂದ ಹೋಗಾಕತ್ತಿದ್ಳ್ರಿ. ಹೊಂಟಾಗ ಬೆನ್ನಷ್ಟ ಕಂಡಿತ್ತು, ಅದನ್ನ ಮಾಡಿದೆ. ಈಗ ಬರಾಕತ್ತಾಳಂತ ತಿಳಕೊಂಡು ನೋಡ್ತೇನಿ. ತಂತಿ ಏನೂ ಬ್ಯಾಡ ಅನ್ನಂಗಿಲ್ರಿ."

ಬಸ್ಸು ಹಾರ್ನ್ ಹೊಡೆಯಿತು.

ಬೆಳಿಗ್ಗೆ ನಾನು ಮನೆ ಬಿಡುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೊತ್ತಾಯಿತೆಂದು ತಿರುಗಿ ನೋಡಿರಲಿಲ್ಲ. ಅವಳಿಗೂ ನನ್ನ ಬೆನ್ನಷ್ಟೇ ಕಂಡಿರಬೇಕು.

ಬಸ್ಸು ಸೊಲ್ಲಾಪುರದತ್ತ ಹೊರಟಿತು. ನಾನು ಹಿಂದಿನ ಸೀಟಿಗೆ ಹೋಗಿ, ಬಂದ ದಾರಿಯ ಕಡೆಗೆ ಮುಖ ಮಾಡಿ ಕೂತೆ.