ಪಟಗ ಮೊದಲು ಹೋಯಿತು

ಸರಕಾರಿ ಬಸ್ಸು ಒಳ್ಳೆಯದೋ ಖಾಸಗಿ ಟೆಂಪೊ ಒಳ್ಳೆಯದೋ ಎಂಬ ವಾದ ಎಂಬತ್ತರ ದಶಕದ ಶಿರಹಟ್ಟಿಯಲ್ಲಿ ಚಹಾದಂಗಡಿ ತೆರೆಯುವ ಮೊದಲೇ ಶುರುವಾಗುತ್ತಿತ್ತು. ನಾನು ಟೆಂಪೊ ಪಕ್ಷ. ಟೆಂಪೊದವನು ‘ಬರ್ರಿ ಸಾಹೇಬ್ರ, ಕುಂಡ್ರಿ’ ಎನ್ನುತ್ತಿದ್ದ; ಬಸ್ಸಿನ ಕಂಡಕ್ಟರ್ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅಪ್ಪ ಬಸ್ಸಿನ ಪಕ್ಷ. ಒಬ್ಬನೇ ಕೂತಿದ್ದರೂ ಅದು ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಅಷ್ಟೇ ಅವರ ವಾದ.

ನನಗೆ ಹೆಣ್ಣು ನೋಡಲು ಗದಗಿನ ಪಕ್ಕದ ಬೆಟಗೇರಿಗೆ ಹೊರಟ ದಿನ ರಾಹುಕಾಲ ಶುರುವಾಗುವುದರೊಳಗೆ ಹುಡುಗಿಯ ಮನೆ ಮುಟ್ಟಬೇಕಿತ್ತು. ತಡವಾಗಿ ಬಂದ ಒಬ್ಬ ವರನನ್ನು ಹುಡುಗಿಯ ತಂದೆ ಹೊಸ್ತಿಲಿನಿಂದಲೇ ವಾಪಸು ಕಳಿಸಿದ್ದರಂತೆ. ನಾನು ಹಟ ಮಾಡಿ ಅಪ್ಪನನ್ನು ಟೆಂಪೊದಲ್ಲಿ ಕೂರಿಸಿದೆ. ಕೂರಿಸಿದ ಮೇಲೆ ಹೆದರಿಕೆ ಶುರುವಾಯಿತು: ಇದು ದಾರಿಯಲ್ಲಿ ಕೆಟ್ಟು ನಿಂತರೆ? ಪಕ್ಕದಲ್ಲೇ ನಿಂತಿದ್ದ ಬಸ್ಸು ನಮ್ಮ ಹಿಂದೆಯೇ ಬರುವುದಿತ್ತು; ಅದರಲ್ಲೂ ಒಂದು ಸೀಟು ಹಿಡಿದಿಟ್ಟರಾಯಿತು ಎಂದುಕೊಂಡೆ. ಕಿಟಕಿಯಿಂದ ಟವೆಲ್ ಹಾಕಿದರೆ ಸೀಟು ನಮ್ಮದು, ಅದು ನಮ್ಮ ಕಡೆಯ ಕಾನೂನು. ನನ್ನ ಟವೆಲ್ ಆಗಲೇ ಟೆಂಪೊದ ಸೀಟಿನ ಮೇಲಿತ್ತು. ಧೂಳು ಹತ್ತೀತೆಂದು ಅಪ್ಪ ತಲೆಗೆ ಸುತ್ತುವ ತಮ್ಮ ಜರಿಯಂಚಿನ ಪಟಗವನ್ನು ಚೀಲದಲ್ಲಿ ತಂದಿದ್ದರು. ಅದನ್ನೇ ತೆಗೆದು ಬಸ್ಸಿನ ಸೀಟಿನ ಮೇಲಿಟ್ಟು ಬಂದೆ.

ಟೆಂಪೊ ತುಂಬದೆ ಬಿಡುವುದಿಲ್ಲವಲ್ಲ. ಗದಗ, ಗದಗ ಎಂದು ಕೂಗುತ್ತ ಊರೆಲ್ಲ ಸುತ್ತಿ ಮತ್ತೆ ಅಲ್ಲೇ ಬಂದು ನಿಂತಿತು. ಅಷ್ಟರಲ್ಲಿ ಬಸ್ಸು ಪಟಗದ ಸಮೇತ ಹೊರಟುಹೋಗಿತ್ತು.

ಅಪ್ಪ ಒಮ್ಮೆ ತಲೆ ಸವರಿಕೊಂಡರು. ಸೊರಟೂರಿನಲ್ಲಿ ಎರಡು ಆಡು ಹತ್ತಿ ಅವರ ಕಾಲ ಮೇಲೆ ನಿಂತವು. ಬರಿದಲೆಯಲ್ಲಿ ಹೆಣ್ಣು ಕೇಳಲು ಹೋಗುವುದು ಹೇಗೆಂದು ನಾನು ಬೆವರುತ್ತಿದ್ದೆ.

ಗದಗಿನ ಸ್ಟ್ಯಾಂಡಿನಲ್ಲಿ, ಹುಡುಕಿಕೊಂಡು ಬರುತ್ತಾರೆಂದು ಕಂಡಕ್ಟರ್ ಪಟಗ ಹಿಡಿದು ಕಾಯುತ್ತಿದ್ದ. ಹಿರಿಯರ ಪಟಗವನ್ನು ಸರಿಸಿ ಕೂರುವ ಧೈರ್ಯ ಯಾರಿಗೂ ಆಗದೆ ಮಂದಿ ನಿಂತೇ ಬಂದಿದ್ದರಂತೆ.

‘ಪಟಗಾ ಆರಾಮ ಕುಂತು ಬಂತ್ರಿ ಯಜಮಾನ್ರ. ನೀವು ಹೆಂಗ ಬಂದ್ರಿ?’

‘ಆಡಿನ ಜೋಡಿ’ ಎಂದರು ಅಪ್ಪ.

ಬೆಟಗೇರಿ ಮುಟ್ಟಿದಾಗ ರಾಹುಕಾಲ ಶುರುವಾಗಿತ್ತು. ಹುಡುಗಿಯ ತಂದೆ ಬಾಗಿಲಿಗೆ ಅಡ್ಡ ನಿಂತು, ಹೊತ್ತು ಮೀರಿತೆಂದರು. ಅಪ್ಪ ತಲೆಯ ಮೇಲಿನ ಪಟಗ ಸರಿಮಾಡಿಕೊಂಡರು.

‘ಇದು ವ್ಯಾಳ್ಯಾಕ್ಕ ಸರಿಯಾಗಿ ಗದಗ ಮುಟ್ಟೈತ್ರಿ. ಇದರ ಕೆಳಗಿನ ತಲಿ ಅಷ್ಟ ತಡ ಆತು, ಮಗನ ಮಾತು ಕೇಳಿ.’

ಒಳಗಿನಿಂದ ಕಿಸಕ್ಕನೆ ಒಂದು ನಗು ಬಂತು. ಹುಡುಗಿಯ ತಂದೆ ಮೀಸೆಯಲ್ಲೇ ನಕ್ಕು, ಹಾಗಾದರೆ ಪಟಗ ಬಂದ ಹೊತ್ತನ್ನೇ ಹಿಡಿಯೋಣ ಎಂದು ಪಕ್ಕಕ್ಕೆ ಸರಿದರು.

ಆ ನಗು ಈಗ ನಮ್ಮ ಮನೆಯಲ್ಲಿದೆ. ಪೇಪರ್ ಓದುತ್ತ ನಾನು ಯಾವುದಾದರೂ ಸರಕಾರಿ ಕೆಲಸವನ್ನು ಖಾಸಗಿಯವರಿಗೆ ಕೊಟ್ಟುಬಿಡಬೇಕೆಂದು ಗುಡುಗಿದರೆ ಸಾಕು, ಅಡಿಗೆಮನೆಯಿಂದ ಕೇಳುತ್ತದೆ: ‘ಪಟಗಾ ಎಲ್ಲಿಟ್ಟು ಬಂದ್ರಿ?’